ಬೆರಳುದ್ದದ ಬೀನ್ಸ್

ಅವಳ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳಿನೊಳಗೆ ಹಸಿರು ಬಣ್ಣ ಕಪ್ಪಾಗಿ ಕೂತುಬಿಟ್ಟಿತ್ತು, ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಚಿಕ್ಕಂದಿನಿಂದ ಬೀನ್ಸಿನ ತುದಿ ಮುರಿದು ಮುರಿದು ಹಾಗಾದದ್ದಂತೆ. ಗಲ್ಫಿನ ಫಿಂಟಾಸಿನಲ್ಲಿ ಆಗ ನಾವಿದ್ದ ಮನೆಯಲ್ಲಿ ಅವಳು ಮಗುವಿನ ಆಯಾ, ನಾನು ಅಡುಗೆಯವಳು. ನಾನು ಮಂಗಳೂರು ಕಡೆಯವಳು, ಅವಳು ಕೀನ್ಯಾದವಳು. ಮೇಡಂ ಯುರೋಪಿನವರು, ಅವರ ಗಂಡನಿಗೆ ಎಣ್ಣೆ ಕಂಪನಿಯಲ್ಲಿ ದೊಡ್ಡ ಕೆಲಸ.

ನಾನು ಐದನೇ ಕ್ಲಾಸು ಕಲಿತವಳು. ಇಷ್ಟು ಉದ್ದ ಬರೆಯಲು ಕೂತಿದ್ದೇನೆ ಅಂದರೆ ಅದಕ್ಕೆ ಕಾರಣ ನನ್ನ ಮೊಮ್ಮಗಳು. ಅವಳಿಗೆ ಕೆಳಗಡೆ ಎರಡು ಹಲ್ಲು ಬಂದಿದೆ. ನಕ್ಕಳೆಂದರೆ ಈಗ ನಾವಿರುವ ಇಡೀ ಸಾಲ್ಮಿಯಾ ಪೇಟೆಯನ್ನು ಕರೆದು ತೋರಿಸೋಣ ಅನಿಸುತ್ತದೆ. ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿಯೂ ಆಗಿದೆ. ನಿನ್ನೆ ಅವಳಿಗೆ ಮೊದಲ ಸಲ ತರಕಾರಿ ಬೇಯಿಸಿ ಕೊಡುವ ದಿನ. ಸೊಸೆ ಸೂಪರ್ ಮಾರ್ಕೆಟಿನಿಂದ ಒಂದು ಪೊಟ್ಟಣ ಬೀನ್ಸ್ ತಂದು, "ಮಾಮಿ, ಆರ್ಗ್ಯಾನಿಕ್ಕೇ ತಂದಿದ್ದೇನೆ, ಹುಳದ ಮದ್ದು ಹೊಡೆಯದ್ದು" ಎಂದಳು. ಮೇಲೆ ಹಸಿರು ಎಲೆಯ ಗುರುತು. ಕೆಳಗೆ ಬೆಳೆದ ದೇಶದ ಹೆಸರು ಇತ್ತು, ಕೀನ್ಯಾ. ಅಷ್ಟು ಇಂಗ್ಲಿಷು ಓದಲು ನನಗೆ ಬರುತ್ತದೆ. ಸಂತೋಷದಿಂದ ಕುಣಿಯುತ್ತಿದ್ದ ನನ್ನ ಕೈ ಅಲ್ಲಿಗೇ ನಿಂತಿತು.

ಆಯಾಳಿಗೆ ಒಂದು ಅಭ್ಯಾಸವಿತ್ತು. ನನ್ನ ಅಡುಗೆಗೆ ಬೀನ್ಸ್ ಮುರಿದುಕೊಡಲು ಕೂತರೆ ಒಂದೊಂದನ್ನೂ ನಡುಬೆರಳಿಗೆ ಹಿಡಿದು ಅಳೆಯುತ್ತಿದ್ದಳು. ಅವಳ ಊರಿನಿಂದ ಯುರೋಪಿಗೆ ಹೋಗುವ ಬೀನ್ಸ್ ಅಷ್ಟೇ ಉದ್ದ ಇರಬೇಕಂತೆ, ನೆಟ್ಟಗೂ ಇರಬೇಕಂತೆ.

"ಎಂತ ಮಾರಾಯ್ತಿ, ಸಾಂಬಾರಿಗೆ ಹಾಕ್ಲಿಕ್ಕೆ ಇರುವುದು, ಅಳತೆ ಯಾಕೆ?" ಎಂದರೆ, "ಗಿಡ್ಡ ಬೀನ್ಸಿಗೆ ವೀಸಾ ಇಲ್ಲ, ಮಮಾ" ಎಂದು ನಗುತ್ತಿದ್ದಳು. ಅರ್ಧ ಹಿಂದಿ, ಕಾಲು ಅರಬಿ, ಕಾಲು ಇಂಗ್ಲಿಷ್, ಅದೇ ನಮ್ಮಿಬ್ಬರ ಭಾಷೆ. ಎಲ್ಲ ಅರ್ಥವಾಗುತ್ತಿತ್ತು.

ಮೇಡಂನ ಮಗುವನ್ನು ಅವಳು ತೊಟ್ಟಿಲಲ್ಲಿ ಮಲಗಿಸಿದ್ದೇ ಕಡಿಮೆ. ಹಳದಿ ಹೂವಿನ ಬಟ್ಟೆಯೊಂದರಲ್ಲಿ ಬೆನ್ನಿಗೆ ಕಟ್ಟಿಕೊಂಡು ಇಸ್ತ್ರಿ ಮಾಡುತ್ತಿದ್ದಳು, ಕಿಟಕಿಯ ಧೂಳು ಒರೆಸುತ್ತಿದ್ದಳು. ಅವಳ ಸ್ವಂತ ಮಗಳು ಊರಿನಲ್ಲಿ ಅಜ್ಜಿಯ ಹತ್ತಿರ. ಬಿಟ್ಟು ಬರುವಾಗ ಅದಕ್ಕೆ ಎರಡೇ ಹಲ್ಲು ಇತ್ತೆಂದು ಹೇಳಿದ್ದಳು. ಅಗ್ರಿಮೆಂಟು ಮುಗಿಯಲು ಕೆಲವೇ ತಿಂಗಳಿತ್ತು. "ಈ ಸಲದ ಜೋಳ ಮನೆಗೆ ಬಂದ್ರೆ ವರ್ಷದ ಊಟ ಆಯ್ತು. ಆಮೇಲೆ ಖಲಾಸ್, ನಾನು ಮತ್ತೆ ಬರುವುದಿಲ್ಲ" ಎನ್ನುತ್ತಿದ್ದಳು.

ಬೀನ್ಸ್ ಮಾರಲಿಕ್ಕೆ, ಜೋಳ ಉಣ್ಣಲಿಕ್ಕೆ. ಎರಡೂ ಒಂದೇ ಹೊಲ. ಅವಳ ಹಳ್ಳಿಯ ಎಲ್ಲರಿಗೂ ಸೇರಿ ಆ ಆರ್ಗ್ಯಾನಿಕ್ ಎಲೆಯ ಗುರುತು ಒಂದೇ. ಯಾರಾದರೊಬ್ಬರು ಹೊಲಕ್ಕೆ ಮದ್ದು ಹೊಡೆದರೆ ಊರಿಗೆ ಊರೇ ಗುರುತು ಕಳೆದುಕೊಳ್ಳಬೇಕು, ಬೀನ್ಸ್ ಯುರೋಪಿಗೆ ಹೋಗುವುದಿಲ್ಲ. ಗುರುತು ಬಂದದ್ದು ಅವಳಿಗೆ ಖುಷಿಯೇ ಆಗಿತ್ತು, ಸುಳ್ಳು ಹೇಳಬಾರದು. ಅವಳ ಅಪ್ಪ ಬರಿಗೈಯಲ್ಲಿ ಮದ್ದು ಹೊಡೆದು ಹೊಡೆದು, ಕೆಮ್ಮಿ ಕೆಮ್ಮಿ ಸತ್ತವರು. "ಮದ್ದು ಬೇಡ ಅಂದಾಗ ಮೊದಲು ಕೈ ಎತ್ತಿದ್ದು ನಾನೇ" ಎಂದಿದ್ದಳು.

ಆ ವರ್ಷ ಜೋಳಕ್ಕೆ ಹುಳ ಬಿತ್ತು. ಸುಳಿಯೊಳಗೆ ಕೂತು ತಿನ್ನುವ ಹುಳ. ಮಕ್ಕಳು ಮುದುಕರೆಲ್ಲ ಕೈಯಿಂದ ಹೆಕ್ಕಿದರು, ಬೂದಿ ಹಾಕಿದರು. ಆಗಲಿಲ್ಲ. ಅವಳ ಅಮ್ಮ ಫೋನ್ ಮಾಡಿ ಹೇಳಿದಳಂತೆ: "ನೀನು ಇರುವುದು ನಮ್ಮ ಬೀನ್ಸ್ ತಿನ್ನುವವರ ಮನೆಯಲ್ಲಿ ಅಲ್ವಾ. ಅವರನ್ನೇ ಕೇಳು."

ಮರುದಿನ ಬೆಳಿಗ್ಗೆ ಮೇಡಂ ಚಹಾಕ್ಕೆ ಅಡುಗೆಮನೆಗೆ ಬಂದರು. ಆಯಾ ಬೆನ್ನಿನಲ್ಲಿ ಮಗು ಕಟ್ಟಿಕೊಂಡೇ ನೆಟ್ಟಗೆ ನಿಂತಳು, ಕೋರ್ಟಿನಲ್ಲಿ ನಿಂತ ಹಾಗೆ.

"ಮೇಡಂ, ಹುಳ ತುಂಬಾ ಬಂದ್ರೆ, ಒಂದು ಸಲ, ಒಂದೇ ಸಲ ಮದ್ದು ಹೊಡೆದ್ರೆ, ಆ ಬೀನ್ಸ್ ನೀವು ತಿಂತೀರಾ?"

ಮೇಡಂ ಮಗುವಿನ ಪಾದಕ್ಕೆ ಮುತ್ತು ಕೊಡುತ್ತಿದ್ದರು. ನಗುತ್ತಲೇ ಹೇಳಿದರು, "ಇಲ್ಲಮ್ಮ. ಒಂದು ಸಲವೂ ಬೇಡ. ವಿಷ ಅಂದ್ರೆ ವಿಷ ತಾನೇ?"

ಅವರಿಗೆ ಅದು ಚಹಾದ ಹೊತ್ತಿನ ಮಾತು. ಇವಳಿಗೆ ಅದು ತೀರ್ಪು. ಮೇಡಂ ಲೋಟ ಹಿಡಿದು ಆಚೆ ಹೋದದ್ದೇ ಆಯಾ ಫೋನ್ ತೆಗೆದು ತನ್ನ ಭಾಷೆಯಲ್ಲಿ ಎರಡು ಮಾತು ಆಡಿದಳು. ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಿನ್ನ ಹೊಲದ ವಿಷಯ ಅಂತ ಯಾಕೆ ಹೇಳಲಿಲ್ಲ?" ಎಂದು ಗದರಿದೆ.

"ಹೇಳಿದ್ರೆ ಪಾಪ ಅಂತಾರೆ ಮಮಾ. ಪಾಪ ಅಂದ್ರೆ ಊರಿನವರಿಗೆ ನಾನು ಏನು ಹೇಳ್ಲಿ? ರೂಲ್ ಏನು ಅಂತ ಬೇಕಿತ್ತು."

ಬೀನ್ಸ್ ವಿಮಾನ ಹತ್ತಿತು. ಜೋಳ ಮನೆಗೆ ಬರಲಿಲ್ಲ. ಬೀನ್ಸಿನಿಂದ ಬಂದದ್ದೆಲ್ಲ ಅಂಗಡಿಯ ಜೋಳದ ಹಿಟ್ಟಿಗೇ ಹೋಯಿತು. ಫೋನಿನಲ್ಲಿ ಅವಳು ತೋರಿಸಿದ ಫೋಟೋದಲ್ಲಿ ಜೋಳದ ಎಲೆಗಳು ಜರಡಿಯ ಹಾಗೆ ತೂತುತೂತಾಗಿದ್ದವು. ಪಕ್ಕದಲ್ಲಿ ಅವಳ ಮಗಳು, ಬಾಯಿ ತುಂಬ ಹಲ್ಲು. ಅವಳು ಮತ್ತೆ ಎರಡು ವರ್ಷಕ್ಕೆ ಸಹಿ ಹಾಕಿದಳು, ಇಲ್ಲಿ ಇರಲಿಕ್ಕೆ ಬೇಕಾದ ಇಕಾಮಾ ಕಾಗದ ಹೊಸದಾಯಿತು. ಆ ದಿನ ಬೀನ್ಸ್ ಅಳೆಯುತ್ತ ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ಮಮಾ, ಮದ್ದು ಹೊಡೀರಿ ಅಂತ ಹೇಳಿದವರೂ ದೂರದವರು, ಹೊಡೀಬೇಡಿ ಅಂತ ಹೇಳಿದವರೂ ದೂರದವರು. ಹೊಲ ಮಾತ್ರ ನಮ್ಮದು."

ಮುಂದಿನ ಬೇಸಿಗೆ ಅವಳಿಗೆ ಜ್ವರ ಬಂತು. ತಲೆಗೆ ಏರಿತು ಎಂದರು ಡಾಕ್ಟರು. ಆಸ್ಪತ್ರೆಯಿಂದ ಅವಳು ಹೊರಗೆ ಬರಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಕೂತಿರುವಾಗ, ಅವಳು ಯಾಕೆ ಊರಿಗೆ ಹೋಗದೆ ಉಳಿದಳೆಂದು ಮೇಡಂ ಕೇಳಿದರು. ನಾನು ಹೇಳಿದೆ. "ನನ್ನನ್ನು ಕೇಳಿದ್ದಾ? ಅವಳು ನನ್ನನ್ನು ಯಾಕೆ ಕೇಳಬೇಕಿತ್ತು?" ಎಂದು ಮೇಡಂ ಅದನ್ನೇ ಹೇಳುತ್ತಿದ್ದರು. ಕೆಟ್ಟ ಹೆಂಗಸಲ್ಲ ಅವರು. ಅವಳನ್ನು ಊರಿಗೆ ಕಳಿಸಲು ತಾವೇ ಓಡಾಡಿದರು, ವಿಮಾನ ನಿಲ್ದಾಣದವರೆಗೆ ಬಂದು ಅತ್ತರು. ಅವಳೂ ವಿಮಾನ ಹತ್ತಿದಳು, ಪೆಟ್ಟಿಗೆಯಲ್ಲಿ.

ಅವತ್ತು ಸಂಜೆ ಮೇಡಂನ ಮಗು ಬೆನ್ನು ಹುಡುಕಿ ಅತ್ತಿತು. ಯಾರು ಎತ್ತಿದರೂ ನಿಲ್ಲಲಿಲ್ಲ. ಹಳದಿ ಬಟ್ಟೆಯನ್ನು ಹೇಗೆ ಸುತ್ತಬೇಕು, ಗಂಟು ಎಲ್ಲಿ ಬರಬೇಕು ಎಂದು ಅವಳು ನನಗೆ ಹಿಂದೆಯೇ ಕಲಿಸಿದ್ದಳು. ಕಟ್ಟಿಕೊಂಡೆ. ಮಲಗಿತು. ಆ ಬಟ್ಟೆ ನನ್ನಲ್ಲೇ ಉಳಿಯಿತು. ಈಗ ನನ್ನ ಮೊಮ್ಮಗಳು ನಿದ್ದೆ ಮಾಡುವುದೂ ಅದರಲ್ಲೇ. ಆ ಭಾರ ಬೆನ್ನಿಗೆ ಬಿದ್ದರೆ ನನಗೆ ಬೇರೆ ಸ್ವರ್ಗ ಬೇಡ.

ನಿನ್ನೆ ಪೊಟ್ಟಣ ಒಡೆದು ಬೀನ್ಸನ್ನು ತಟ್ಟೆಗೆ ಸುರಿದೆ. ಒಂದೊಂದಾಗಿ ನಡುಬೆರಳಿಗೆ ಹಿಡಿದೆ.

"ಎಂತ ಮಾಮಿ, ಅಳತೆ ಮಾಡ್ತಾ ಇದ್ದೀರಾ?" ಎಂದಳು ಸೊಸೆ.

"ವೀಸಾ ನೋಡ್ತಾ ಇದ್ದೇನೆ" ಎಂದೆ. ಅವಳು ನಕ್ಕಳು. ಒಂದೂ ಗಿಡ್ಡ ಇರಲಿಲ್ಲ.

ಬೇಯಿಸಿ, ಅರೆದು, ಚಮಚದಲ್ಲಿ ಕೊಟ್ಟೆ. ಮೊಮ್ಮಗಳು ಮುಖ ಹಿಂಡಿದಳು, ಆಮೇಲೆ ಎರಡು ಹಲ್ಲು ತೋರಿಸಿ ಮತ್ತೆ ಬಾಯಿ ತೆರೆದಳು. ಸೊಸೆ ಫೋಟೋ ತೆಗೆದಳು. ನಾನು ಅತ್ತದ್ದು ಸಂತೋಷಕ್ಕೆ ಎಂದುಕೊಂಡಳು. ಅದೂ ಹೌದು.