ಮೆಗಾನ್ಯೂರಾವನ್ನು ಕಣ್ಣೆತ್ತರಕ್ಕೆ ಇಳಿಸಿದ್ದು

ಕೋವಿಡ್ ಕಾಲ ಕಳೆದ ಮರುವರ್ಷ. ವಿಜ್ಞಾನ ವಸ್ತುಸಂಗ್ರಹಾಲಯಗಳಿಗೆ ಪ್ರಾಣಿಗಳ ಮಾದರಿ ತಯಾರಿಸುವ ಕೆಲಸದಿಂದ ನಿವೃತ್ತಳಾಗಿ ಕುಮಟೆಯ ಮನೆಗೆ ಬಂದಿದ್ದೆ. ಮುರ್ಡೇಶ್ವರದ ಹೋಟೆಲ್ ಮಾಲೀಕ ವಾಮನರಾಯರು ತಮ್ಮ ಕೆಳಮಹಡಿಯ ಹಾಲ್‌ನಲ್ಲಿ ಅಳಿದುಹೋದ ಜೀವಿಗಳ ಪ್ರದರ್ಶನ ಮಾಡಬೇಕೆಂದು ನನ್ನನ್ನು ಕರೆಸಿದರು.

ಮುಖ್ಯ ಆಕರ್ಷಣೆಗೆ ನಾನು ಆರಿಸಿದ್ದು ಮೆಗಾನ್ಯೂರಾ. ಅದರ ಕುಟುಂಬಕ್ಕೆ ಮೆಗಾನ್ಯೂರಿಡೇ ಎಂದು ಹೆಸರು. ಸುಮಾರು ಮೂವತ್ತು ಕೋಟಿ ವರ್ಷಗಳ ಹಿಂದೆ, ಹಕ್ಕಿ ಬಾವಲಿಗಳು ಹುಟ್ಟುವುದಕ್ಕೆ ಬಹಳ ಮೊದಲು, ಗಾಳಿಯಲ್ಲಿ ಬೇಟೆಯಾಡುತ್ತಿದ್ದ ಕೀಟಗಳಿವು. ನಮ್ಮ ಗದ್ದೆಗಳ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆಗೆ ದೂರದ ನೆಂಟರು. ದೊಡ್ಡವು ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡಡಿಗೆ ತುಸು ಹೆಚ್ಚು.

ಹೊನ್ನಾವರದಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ಮಂಜುನಾಥ ಕೀಟದ ದೇಹದ ಅಚ್ಚು ತೆಗೆದುಕೊಟ್ಟ. ರೆಕ್ಕೆಗೆ ಪಾರದರ್ಶಕ ಹಾಳೆ, ಅದರ ನರಗಳಿಗೆ ತಾಮ್ರದ ತಂತಿ. ಬೇಟೆಯನ್ನು ಬಾಚಿ ಹಿಡಿಯುವ ಕಾಲುಗಳ ಮುಳ್ಳುಗಳನ್ನು ನಾನೇ ಒಂದೊಂದಾಗಿ ಕೂರಿಸಿದೆ.

ಉದ್ಘಾಟನೆಯ ಹಿಂದಿನ ವಾರ ಮಂಜುನಾಥನೂ ನಾನೂ ಅದನ್ನು ಚಾವಣಿಗೆ ತೂಗುಹಾಕಿದೆವು. ರಾಯರು ಕತ್ತೆತ್ತಿ ನೋಡಿದರು.

“ಇದೆಂತ ಮೇಡಂ, ಇಷ್ಟೇಯಾ?”

ಅಡುಗೆಮನೆಗೆ ಮೀನು ಕೊಟ್ಟು ಹೊರಟಿದ್ದ ಬೆಳಕೆ ಊರಿನ ನಾಗಮ್ಮನನ್ನೂ ಕರೆದು ಕೇಳಿದರು. ಆಕೆ ಸಂಕೋಚದಿಂದ, “ಚಂದ ಇದೆ. ಕಾಗೆಯಷ್ಟು ಕಾಣ್ತದೆ,” ಎಂದಳು.

“ಆರಡಿ ಮಾಡಿ ಮೇಡಂ. ಬಾಯಲ್ಲಿ ಹಲ್ಲೂ ಇರ್ಲಿ. ಅಳತೆ ಹಿಡಿದು ನೋಡೋರು ಯಾರು?” ಎಂದರು ರಾಯರು.

“ಆರಡಿಯ ಕೀಟ ಈ ಭೂಮಿ ಮೇಲೆ ಹಾರೇ ಇಲ್ಲ ರಾಯರೇ. ನಾನು ಮಾಡೂದಿಲ್ಲ.”

“ಹಾಗಾದ್ರೆ ಮಂಗಳೂರಿಂದ ಬೇರೆಯವ್ರನ್ನ ಕರೆಸ್ತೇನೆ.”

ಒಂದು ದಿನದ ಅವಕಾಶ ಕೇಳಿದೆ. ಅವರು ಹೋದ ಮೇಲೆ ನೆಲದ ಮೇಲೆ ಕುಳಿತು ಮೇಲೆ ನೋಡಿದೆ. ಮುಳ್ಳು, ದವಡೆ, ತಲೆಯ ತುಂಬ ಹರಡಿದ ಕಣ್ಣು ಯಾವುದೂ ಕಾಣಿಸಲಿಲ್ಲ. ಕಂಡದ್ದು ಹೊಟ್ಟೆ ಮಾತ್ರ. ಅಳತೆ ಸರಿಯಿತ್ತು, ಜಾಗ ಸರಿಯಿರಲಿಲ್ಲ.

“ಮತ್ತೆ ಅಚ್ಚು ತೆಗೀಬೇಕಾ ಮೇಡಂ?” ಮಂಜುನಾಥನ ಮುಖ ಬಾಡಿತ್ತು.

“ಬೇಡ. ತೂಗುಹಾಕಿದ ತಂತಿ ಇಳಿಸು.”

ಒಳಗೆ ಬರುವವರಿಗೆ ಎದುರಾಗುವಂತೆ, ಬಾಗಿಲ ಪಕ್ಕದ ತಿರುವಿನಲ್ಲಿ, ಕಣ್ಣಿನ ಎತ್ತರಕ್ಕೆ ಅದನ್ನು ಕಟ್ಟಿದೆವು. ಕಾಲುಗಳ ನಡುವೆ ಅದೇ ಕಾಲದ ಒಂದು ಸಣ್ಣ ಕೀಟದ ಮಾದರಿ ಸಿಕ್ಕಿಸಿದೆ. ಒಂದು ಬದಿಯಿಂದ ಬೆಳಕು ಬಿಟ್ಟೆ.

ಮರುದಿನ ಬೆಳಿಗ್ಗೆ ರಾಯರು ಫೋನಿನಲ್ಲಿ ಮಾತಾಡುತ್ತಲೇ ತಿರುವು ದಾಟಿದರು. ಮಾತು ಅಲ್ಲಿಗೇ ನಿಂತಿತು. ಕಾಲು ತಾನಾಗಿ ಹಿಂದೆ ಸರಿಯಿತು. ಸುಧಾರಿಸಿಕೊಂಡು, ಬಗ್ಗಿ ದವಡೆಯನ್ನೂ ಮುಳ್ಳನ್ನೂ ನಿಧಾನವಾಗಿ ನೋಡಿದರು.

“ಆತು ಮೇಡಂ,” ಎಂದರು. “ಹೀಗೇ ಇರ್ಲಿ.”

ನಾಗಮ್ಮನೂ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದಳು. “ಇದು ಈಗ ಎಲ್ಲೂ ಇಲ್ವಾ?”

“ಇಲ್ಲ.”

“ಒಂದೂ ಉಳೀಲಿಲ್ವಾ?”

“ಒಂದೂ ಇಲ್ಲ.”

ಅಡುಗೆಮನೆಯ ಹುಡುಗ ಮೀನಿಗಾಗಿ ಹೊರಗಿನಿಂದ ಕರೆದರೂ ಆಕೆ ಬೇಗ ಹೊರಡಲಿಲ್ಲ.

ಮಾದರಿ ಮಾಡುವವರಿಗೆ ದೊಡ್ಡದು ಮಾಡು ಎಂಬ ಒತ್ತಾಯ ತಪ್ಪಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆಯೇ ಮಾಡಿ, ನೋಡುವವರ ಉಸಿರು ತಾಗುವಷ್ಟು ಹತ್ತಿರ ತಂದಿಟ್ಟರೆ, ಅದನ್ನು ಹಿಗ್ಗಿಸುವ ಅಗತ್ಯವೇ ಬರುವುದಿಲ್ಲ.