ಖಾಲಿ ಬಂದ ಡಬ್ಬಿ

ಎರಡು ಸಾವಿರದ ಐದಾರರ ಸುಮಾರಿನ ಆ ರಜೆಗಳಲ್ಲಿ ನನಗೆ ಎರಡು ಮನೆಗಳಿದ್ದವು. ಅವ್ವ ವಿಜಯವಾಡದಲ್ಲಿ ಬ್ಯಾಂಕಿನ ಗುಮಾಸ್ತೆ. ಬೆಂಜ್ ಸರ್ಕಲ್ ಹತ್ತಿರ ನಮ್ಮ ಬಾಡಿಗೆ ಮನೆ. ಅಪ್ಪ ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಇಂಜಿನಿಯರ್. ಇಬ್ಬರೂ ಧಾರವಾಡದವರೇ, ಬೇರೆಯಾಗಿದ್ದರು ಅಷ್ಟೇ. ರಜೆ ಬಂದರೆ ಅಪ್ಪ ವಿಜಯವಾಡದ ಸ್ಟೇಷನ್ನಿಂದ ನನ್ನನ್ನು ಕರೆದೊಯ್ದು ಮತ್ತೆ ಅದೇ ಪ್ಲಾಟ್‌ಫಾರ್ಮಿಗೆ ತಂದು ಬಿಡುತ್ತಿದ್ದ. ಮನೆಯ ತನಕ ಒಮ್ಮೆಯೂ ಬರಲಿಲ್ಲ.

ಹೊರಡುವಾಗ ಅವ್ವ ಸ್ಟೀಲಿನ ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ ಕೊಡುತ್ತಿದ್ದಳು. ಹುರಿದ ಶೇಂಗಾ, ಬೆಳ್ಳುಳ್ಳಿಯ ವಾಸನೆ ನನ್ನ ಅಂಗಿಗಳಿಗೆಲ್ಲ ಹತ್ತುತ್ತಿತ್ತು. "ನಿನಗಂತ ಮಾಡೇನಿ" ಅನ್ನುತ್ತಿದ್ದಳು. ಅಷ್ಟು ಖಾರ ನಾನು ತಿನ್ನುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲವೇ!

ನಮ್ಮ ಧಾರವಾಡದ ಕಡೆ, ತುಂಬಿ ಬಂದ ಡಬ್ಬಿಯನ್ನು ಖಾಲಿ ಹಿಂತಿರುಗಿಸುವುದಿಲ್ಲ. ಏನಿಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಅಪ್ಪ ಗೋಡಂಬಿ ತುಂಬಿ ಕಳಿಸುತ್ತಿದ್ದ. ನಾನು ಮನೆಗೆ ಬಂದರೆ ಅವ್ವ ಮೊದಲು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಅವರಿಬ್ಬರ ನಡುವೆ ಉಳಿದದ್ದು ಅದೊಂದೇ. ಅದು ನಿಲ್ಲಬಾರದೆಂದು ನಾನು ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದೆ.

ಆ ವರ್ಷ ಶಾಲೆಯ ಫೀ ಏರಿತು. ನನಗಾಗಿ ಅಪ್ಪ ಕೊಡುತ್ತಿದ್ದ ಜೀವನಾಂಶವನ್ನು ಮರುಪರಿಶೀಲಿಸಿ ಹೆಚ್ಚಿಸಬೇಕೆಂದು ಅವ್ವ ಕೋರ್ಟಿಗೆ ಅರ್ಜಿ ಹಾಕಿದಳು. ಅಲ್ಲಿಂದ ಎರಡೂ ಮನೆಯಲ್ಲಿ ನನ್ನ ವಿಚಾರಣೆ ಶುರುವಾಯಿತು.

"ನಿಮ್ಮಪ್ಪ ಹೊಸಾ ಫ್ರಿಜ್ ತಂದಾನೇನು?" ಅವ್ವ ಕೇಳುತ್ತಿದ್ದಳು.

"ನಿಮ್ಮವ್ವ ನಿನಗ ಖರೇನ ಟ್ಯೂಶನ್ ಹಚ್ಯಾಳೇನವಾ?" ಅಪ್ಪ ಕೇಳುತ್ತಿದ್ದ.

ನಾನು ಏನು ಹೇಳಿದರೂ ಅದು ವಕೀಲರ ಬಾಯಿಗೆ ಹೋಗುತ್ತಿತ್ತು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಧಾರವಾಡದ ಅಜ್ಜಿ ಫೋನಿನಲ್ಲಿ ಮರುಗುತ್ತಿದ್ದಳು. ನಾನೋ ಎರಡೂ ಕಡೆ ಉಂಡು ದುಂಡಗಿದ್ದೆ. ಬಡವಾದದ್ದು ನನ್ನ ಮಾತು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೆ. ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಇದೆ ಎಂದು ಹೇಳಲೂ ಹೆದರಿಕೆ.

ಒಂದು ದಿನ ಅವ್ವ ಕೋರ್ಟಿನಿಂದ ಅಳುತ್ತ ಬಂದಳು. ಅಪ್ಪ ಹಣವಷ್ಟೇ ಅಲ್ಲ, ಗೋಡಂಬಿಯನ್ನೂ ಕಳಿಸುತ್ತಾನೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಅವನ ವಕೀಲರು ವಾದಿಸಿದ್ದರಂತೆ.

"ಡಬ್ಬಿ ಖಾಲಿ ಕಳಸಬಾರದಂತ ಹಾಕಿದ್ದನ್ನೂ ಕೋರ್ಟಿಗೆ ಒಯ್ದ್ರಲ್ಲ!"

ಆದರೂ ಮುಂದಿನ ರಜೆಗೆ ಅವಳ ಕೈ ತಡೆಯಲಿಲ್ಲ, ಪುಡಿ ಕುಟ್ಟಿದಳು. "ಬರೋವಾಗ ಮಾತ್ರ ಏನೂ ತರಬ್ಯಾಡ" ಎಂದಳು.

ಅಪ್ಪನಿಗೆ ಅದನ್ನು ಹಾಗೇ ಹೇಳಿದೆ. ಅವನು ಡಬ್ಬಿ ತೊಳೆದು ಒರೆಸಿ, ಒಂದು ಹಿಡಿ ಗೋಡಂಬಿ ಹಾಕಿದ, ಮತ್ತೆ ತೆಗೆದ. "ನಾ ವಕೀಲರ ಮುಂದ ಸುಮ್ನ ಮಾತಿಗೆ ಅಂದಿದ್ನವಾ" ಎಂದ. ಆ ಹೊತ್ತಿಗೆ ನನಗೆ ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ವಾಪಸು ಬರುವಾಗ ತುನಿ ಸ್ಟೇಷನ್ನಿನಲ್ಲಿ ಅಪ್ಪ ನನಗೆ ಮಾವಿನ ತಾಂಡ್ರ ಕೊಡಿಸಿದ. ನಮ್ಮ ಕಡೆಯ ಮಾವಿನ ಹಪ್ಪಳದಂಥದೇ, ದಪ್ಪ, ಹುಳಿಸಿಹಿ. ಅರ್ಧ ತಿಂದೆ. ಅಪ್ಪ ಕಿಟಕಿ ಕಡೆ ತಿರುಗಿದಾಗ ಉಳಿದರ್ಧವನ್ನು ಡಬ್ಬಿಗೆ ಹಾಕಿದೆ.

ಮನೆಯಲ್ಲಿ ಅವ್ವ ಮುಚ್ಚಳ ತೆಗೆದಳು.

"ಅಪ್ಪಾ ಹಾಕ್ಯಾನ" ಎಂದೆ.

ತುಂಡಿನ ಅಂಚಿನಲ್ಲಿ ನನ್ನ ಹಲ್ಲಿನ ಗುರುತಿತ್ತು. ಅವ್ವ ಅದನ್ನೇ ನೋಡಿದಳು. ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಚಲೋ ಐತಿ" ಎಂದಳು. ಆಮೇಲೆ ಡಬ್ಬಿ ತೊಳೆದು ಅಟ್ಟಕ್ಕೆ ಏರಿಸಿದಳು.

ಜೀವನಾಂಶ ಹೆಚ್ಚಾಯಿತು, ಫೀ ಕಟ್ಟಿದ್ದಾಯಿತು. ಅವ್ವನ ಅರ್ಜಿ ನ್ಯಾಯವಾದದ್ದೇ, ಇಂದಿಗೂ ನಾನು ಅದನ್ನೇ ಹೇಳುತ್ತೇನೆ. ಆದರೆ ಆ ಡಬ್ಬಿ ಅಟ್ಟದಿಂದ ಇಳಿಯಲಿಲ್ಲ. ಅಲ್ಲಿಂದಾಚೆಗೆ ಅವರಿಬ್ಬರ ನಡುವೆ ಓಡಾಡಿದ್ದು ನಾನೊಬ್ಬಳೇ, ಬರಿಗೈಯಲ್ಲಿ.