ಕೆಮ್ಮು ತಡೆದುಕೊಂಡವಳು

ಸಿಗರೇಟು ಸೇದುತ್ತಲೇ ಮುದುಕನಾದವನು ನಾನು. ಆದ್ದರಿಂದ ನಮ್ಮಿಬ್ಬರ ಮನೆಯಲ್ಲಿ ಕೆಮ್ಮುವ ಹಕ್ಕು ನನ್ನೊಬ್ಬನದೇ ಎಂಬಂತಿತ್ತು. ಎಕ್ಸ್‌ರೇಯಲ್ಲಿ ನನ್ನ ಶ್ವಾಸಕೋಶದ ಮೇಲೊಂದು ಚುಕ್ಕೆ ಕಂಡಾಗ ಹೆಂಡತಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ಹೆದರಿಕೆಯನ್ನೆಲ್ಲ ಸಿಟ್ಟಾಗಿಸಿಕೊಂಡು ಅವಳ ಮೇಲೆ ಹರಿಹಾಯ್ದೆ.

ಇಂದಿರಾನಗರದ ಆಸ್ಪತ್ರೆಯ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನ್ ಒಂದರಿಂದಲೇ ಹೇಳಲಾಗದು ಎಂದು ಎದೆಗೆ ಅಂಟಿಸುವ ಪಟ್ಟಿಯೊಂದನ್ನೂ ಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ವಸ್ತು. ಎರಡು ವಾರ ಉಸಿರು, ಕೆಮ್ಮು, ಎದೆಯೊಳಗಿನ ಸದ್ದು ಎಲ್ಲವನ್ನೂ ಅದು ಕೇಳಿಸಿಕೊಳ್ಳುತ್ತದೆ. ಅದನ್ನೂ ಸ್ಕ್ಯಾನನ್ನೂ ಕೂಡಿಸಿ ನೋಡಿ ಕೃತಕ ಬುದ್ಧಿಮತ್ತೆಯ ಕಂಪ್ಯೂಟರ್ ಚುಕ್ಕೆ ಏನಿರಬಹುದು ಎಂದು ಹೇಳುತ್ತದೆ. ಪಟ್ಟಿ ಅಂಟಿಸಿದ ಟೆಕ್ನಿಷಿಯನ್ ನನ್ನ ಹೆಂಡತಿಯ ಕಡೆ ತಿರುಗಿ, "ಆಂಟಿ, ಇದ್ರಲ್ಲಿ ಮೈಕ್ ಇದೆ. ಅಂಕಲ್ ಪಕ್ಕ ಬೇರೆಯವ್ರು ಕೆಮ್ಮಿದ್ರೆ ಮಿಕ್ಸ್ ಆಗ್ಬಹುದು, ಸ್ವಲ್ಪ ನೋಡ್ಕೊಳ್ಳಿ" ಅಂದಳು.

ಇವಳು ನೋಡಿಕೊಂಡಳು. ಅವಳ ಹಾಸಿಗೆ ನಡುಮನೆಗೆ ಹೋಯಿತು. ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯಲ್ಲಿ ಇರುವುದೇ ಎರಡು ಕೋಣೆ. ಸಂಜೆ ಟೀವಿ ನೋಡುತ್ತ ಕುಳಿತವಳು ಇದ್ದಕ್ಕಿದ್ದಂತೆ ಎದ್ದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಟ್ಟಿಲಿಳಿದು ಬೀದಿಗೆ ಹೋಗಿಬಿಡುವಳು. ಎಲ್ಲಿಗೆ ಹೋಗಿದ್ದೆ ಎಂದರೆ, "ಸೊಪ್ಪಿನವಳು ಬಂದ್ಲೇನೋ ಅಂತ ನೋಡ್ದೆ" ಎನ್ನುವಳು. ಸೊಪ್ಪು ಮಾತ್ರ ಬರುತ್ತಿರಲಿಲ್ಲ. ನನ್ನ ತಲೆಯ ತುಂಬ ನನ್ನ ಚುಕ್ಕೆಯೇ ಇತ್ತು.

ರಿಪೋರ್ಟ್ ಬಂತು. ಎಂದೋ ಆಗಿದ್ದ ಸೋಂಕಿನ ಕಲೆಯಂತೆ, ಹೆದರುವಂಥದ್ದೇನೂ ಇಲ್ಲ. ಆಸ್ಪತ್ರೆಯಿಂದ ಬರುವಾಗ ಕಮ್ಮನಹಳ್ಳಿಯಲ್ಲಿ ಬಸ್ಸಿಳಿದು ಮಸಾಲೆ ದೋಸೆ ತಿನ್ನಲು ಕುಳಿತೆವು. ಮೊದಲ ತುತ್ತಿಗೇ ಅವಳಿಗೆ ಕೆಮ್ಮು ಹತ್ತಿಕೊಂಡಿತು, ನಿಲ್ಲಲೇ ಇಲ್ಲ. ಸಪ್ಲೈಯರ್ ನೀರು ತಂದಿಟ್ಟ. ಪಕ್ಕದ ಮೇಜಿನವರು ಎದ್ದು ಬೇರೆ ಕಡೆ ಕುಳಿತರು.

"ಯಾವಾಗಿಂದ ಇದು?" ಎಂದೆ.

"ಎರಡ್ಮೂರು ತಿಂಗಳಿಂದ ಇದೆ ರೀ. ನಿಮ್ದು ಮೊದ್ಲು ಮುಗೀಲಿ ಅಂತ ಸುಮ್ನಿದ್ದೆ. ನನ್ ಕೆಮ್ಮು ಅದ್ರಲ್ಲಿ ಸೇರ್ಕೊಂಡು, ನಿಮ್ಗೇ ಏನೋ ಆಗಿದೆ ಅಂತ ಬಂದ್ಬಿಟ್ಟಿದ್ರೆ?"

ಮರುವಾರ ಅದೇ ಡಾಕ್ಟರ ಮುಂದೆ ಕುಳಿತಿದ್ದೆವು. ಪರದೆಯ ಮೇಲೆ ಈಗ ಅವಳ ಸ್ಕ್ಯಾನ್. ಇವಳಿಗೂ ಪಟ್ಟಿ ಅಂಟಿಸಿ ನೋಡೋಣವೇ ಎಂದು ನಾನೇ ಕೇಳಿದೆ. ಅಗತ್ಯವಿಲ್ಲ ಎಂದರು. ಕ್ಯಾನ್ಸರ್ ಎರಡೂ ಶ್ವಾಸಕೋಶಗಳಲ್ಲಿ ಹಬ್ಬಿ ಲಿವರಿಗೂ ಇಳಿದಿತ್ತು. ಅದನ್ನು ಕಾಣಲು ಯಾವ ಕಂಪ್ಯೂಟರೂ ಬೇಕಿರಲಿಲ್ಲ, ನನ್ನ ಕಣ್ಣಿಗೇ ಕಾಣುತ್ತಿತ್ತು. ಒಂದು ದಿನವೂ ಸಿಗರೇಟು ಮುಟ್ಟದವಳು. ಆಪರೇಷನ್ ಆಗುವುದಿಲ್ಲ, ಔಷಧಿಯಲ್ಲಿ ಸ್ವಲ್ಪ ಕಾಲ ದೂಡಬಹುದು ಎಂದರು. ಆ ಪಟ್ಟಿಯ ಮೇಲೆ, ಆ ಟೆಕ್ನಿಷಿಯನ್ ಮೇಲೆ, ದೇವರ ಮೇಲೆ ರೇಗಬೇಕೆನಿಸಿತು. ಜನ್ಮವೆಲ್ಲ ಸಿಕ್ಕಸಿಕ್ಕವರ ಮೇಲೆ ರೇಗಿದವನು ಅಂದು ಪರದೆಯನ್ನೇ ನೋಡುತ್ತ ಕುಳಿತೆ.

ಇವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಸರ್, ಇವ್ರದ್ದು ಸರಿಯಾಗೇ ರೆಕಾರ್ಡ್ ಆಗಿತ್ತಲ್ವಾ? ನಂದೇನೂ ಸೇರಿರ್ಲಿಲ್ಲ ತಾನೆ?"

"ಇಲ್ಲಮ್ಮ, ತುಂಬಾ ಕ್ಲೀನ್ ಆಗಿತ್ತು" ಎಂದರು ಡಾಕ್ಟರು.

ಅವಳ ಮುಖದಲ್ಲಿ ಸಮಾಧಾನ ಮೂಡಿತು. ಅದನ್ನು ನೋಡಲಾಗದೆ ನಾನು ಕಾರಿಡಾರಿಗೆ ಬಂದು, ಗೋಡೆಗೆ ಮುಖ ಮಾಡಿ ನಿಂತು ಅತ್ತೆ.